ದೊಡ್ಡಬಸವರಾಜನ ಮಿಲ್ಟ್ರಿ ಗಾಡಿ

ಕುರುಗೋಡಿನ ದೊಡ್ಡಬಸವರಾಜ ಇಪ್ಪತ್ತೆರಡು ವರ್ಷ ಮಂದಿಯ ಲಾರಿ ಓಡಿಸಿದವನು. ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ಹೇರಿಕೊಳ್ಳುವುದು, ಬಳ್ಳಾರಿಯ ಮಿಲ್ಲಿನಲ್ಲಿ ಸುರಿಯುವುದು, ಖಾಲಿ ಗಾಡಿ ಹೊಡೆದುಕೊಂಡು ಮತ್ತೆ ಹೋಗುವುದು. ಈ ಕೆಲಸದಲ್ಲಿ ಒಬ್ಬರಿಂದ ಒಂದು ಮಾತು ಅನ್ನಿಸಿಕೊಂಡವನಲ್ಲ. ಹೋದ ವರ್ಷ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂತು. ಸಿರುಗುಪ್ಪದ ಎರೆಮಣ್ಣು ಅವನ ಲಾರಿಯನ್ನು ಅಚ್ಚಿನವರೆಗೂ ನುಂಗಿತು. ಎರಡು ದಿನ ಗಾಡಿ ಕದಲಲಿಲ್ಲ, ಹೇರಿದ್ದ ಭತ್ತ ಮೊಳಕೆ ಒಡೆಯಿತು. ಮೂರನೆಯ ದಿನ ಮಾಲೀಕ ಬಂದ. ಬದುವಿನ ಮೇಲೆ ನಿಂತಿದ್ದ ಹದಿನೈದು ಮಂದಿ ಕೂಲಿಯವರ ಎದುರಿಗೇ ದೊಡ್ಡಬಸವರಾಜನ ಕೆನ್ನೆಗೆ ಬಾರಿಸಿದ. ಮಳೆಗೆ ಹೊಡೆಯಲು ಆಗುವುದಿಲ್ಲವಲ್ಲ, ಡ್ರೈವರನಿಗೆ ಹೊಡೆದ.

ಅವತ್ತು ಆ ಗಾಡಿಯಿಂದ ಇಳಿದವನು ಮತ್ತೆ ಹತ್ತಲಿಲ್ಲ. ಮನೆಗೆ ಬಂದು ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಲವತ್ತೆಂಟರ ಗಂಡಸು, ಅತ್ತನೆಂದರೆ ನಗುತ್ತೀರಿ. ಆದರೂ ಅತ್ತ.

ಬಳ್ಳಾರಿಯ ಹೊರಗೆ ತಗಡಿನ ಶೆಡ್ಡಿನಲ್ಲಿ ಲಾರಿ ರಿಪೇರಿ ಮಾಡುವ ಸೈಫುದ್ದೀನ್ ಅವನ ಹಳೆಯ ಗೆಳೆಯ. ಅವನೇ ಉಪಾಯ ಹೇಳಿದ್ದು. "ಮಿಲ್ಟ್ರಿಯವರು ಹಳೇ ಗಾಡಿ ಹರಾಜು ಹಾಕ್ತಾರ ಬಸಣ್ಣ. ಮುಂದಿನ ಗಾಲಿನೂ ಎಳೀತಾವ, ಹಿಂದಿನವೂ ಎಳೀತಾವ. ಸಿರುಗುಪ್ಪದ ಕೆಸರು ಅದಕ್ಕ ಲೆಕ್ಕಕ್ಕಿಲ್ಲ. ಎಲ್ಲಾರ ಗಾಡಿ ನಿಂತಾಗ ನಿಂದೊಂದ ಓಡತೈತಿ ನೋಡು."

ಆ ಮಾತು ದೊಡ್ಡಬಸವರಾಜನ ತಲೆಯಲ್ಲಿ ಕೂತುಬಿಟ್ಟಿತು. ಹೆಂಡತಿ ವಿರೂಪಮ್ಮ ಎರಡು ಎಮ್ಮೆ ಮಾರಿದಳು. ಹಾಲು ಕರೆಯುವ ಎಮ್ಮೆಗಳು. ಕೊಂಡವರು ಹಗ್ಗ ಹಿಡಿದು ಎಳೆಯುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೆಳೆಯರಿಬ್ಬರೂ ದೂರದ ಹರಾಜಿಗೆ ಹೋಗಿ, ತುಕ್ಕು ಹಿಡಿದು ನಿಂತಿದ್ದ ಹಸಿರು ಲಾರಿಯೊಂದನ್ನು ಕೂಗಿ ಹಿಡಿದು, ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡು ಬಂದರು. ಸೈಫುದ್ದೀನ್ ತಿಂಗಳುಗಟ್ಟಲೆ ಅದರ ಹೊಟ್ಟೆಯೊಳಗೆ ಕೈಹಾಕಿ, ಕೊನೆಗೊಂದು ಮಧ್ಯಾಹ್ನ ಎಂಜಿನ್ನು ಗುರ್ ಅನ್ನಿಸಿದ. ದೊಡ್ಡಬಸವರಾಜ ಸಿರುಗುಪ್ಪಕ್ಕೆ ಓಡಿಹೋಗಿ ಹನ್ನೊಂದು ಮಂದಿ ರೈತರಿಗೆ ಈ ಸಲದ ಕೊಯ್ಲಿಗೆ ಬರುತ್ತೇನೆಂದು ಮಾತು ಕೊಟ್ಟು ಬಂದ. ಕೊಯ್ಲಿಗೆ ಇಪ್ಪತ್ತೇ ದಿನ ಇತ್ತು. ಗಾಡಿ ಅವನ ಹೆಸರಿಗೆ ನೋಂದಣಿಯಾಗಿ ರಸ್ತೆಗಿಳಿಯುವುದೊಂದೇ ಬಾಕಿ.

ಆಗ ವಿರೂಪಮ್ಮ ಗಾಡಿ ನೋಡಲು ಬಂದಳು. ಸುತ್ತ ಒಂದು ಸುತ್ತು ಹಾಕಿದಳು. ಮುಟ್ಟಲಿಲ್ಲ.

"ಯುದ್ಧದ ಗಾಡಿ ಇದು. ಎಷ್ಟು ಹೆಣಾ ಹೊತ್ತೈತೋ ಏನೋ. ಸೂತಕದ ಮೈ ಇಟಗೊಂಡು ಬಸವಣ್ಣನ ಗುಡಿ ಮುಂದ ಹೆಂಗ ನಿಲ್ಲಸ್ತಿ? ಹಳೇ ಚರ್ಮ ಒಂದ್ ಚೂರೂ ಇರಬಾರದು. ಬರೇ ಕಬ್ಬಿಣ ಕಾಣಬೇಕು. ಆಮ್ಯಾಲ ಬಣ್ಣ, ಆಮ್ಯಾಲ ಪೂಜಿ," ಅಂದಳು.

ಹೇಗೂ ಸೈನ್ಯದ ಹಸಿರು ಬಣ್ಣವನ್ನು ಖಾಸಗಿ ಗಾಡಿಗೆ ಇಟ್ಟುಕೊಳ್ಳುವಂತಿಲ್ಲ, ತೆಗೆಯಲೇಬೇಕು. ಎಮ್ಮೆ ಮಾರಿಕೊಟ್ಟವಳ ಮಾತು ಬೇರೆ. ಸೈಫುದ್ದೀನ್ ಟ್ರ್ಯಾಕ್ಟರ್ ಕೆಲಸವೊಂದಕ್ಕೆ ರೂಪನಗುಡಿಗೆ ಹೋಗಿದ್ದ. ಅವನು ಬರುವುದರೊಳಗೆ ಮುಗಿಸಿ ಬೆರಗುಗೊಳಿಸೋಣವೆಂದು ದೊಡ್ಡಬಸವರಾಜ ಬಾಡಿಗೆಗೆ ಗ್ರೈಂಡರು ತಂದ. ಐದು ದಿನ ಉಜ್ಜಿದ. ಬಾಗಿಲು ಉಜ್ಜಿದ, ಬಂಪರು ಉಜ್ಜಿದ, ನೆಲದ ಮೇಲೆ ಅಂಗಾತ ಮಲಗಿ ಕೆಳಗಿನ ಚಾಸಿ ತೊಲೆಗಳನ್ನೂ ಉಜ್ಜಿದ. ಮೂಗುಬಾಯಿಗೆಲ್ಲ ತುಕ್ಕು. ಕ್ಯಾಬಿನ್ನಿನಲ್ಲಿದ್ದ ಸವೆದ ತಗಡಿನ ಪಟ್ಟಿಯನ್ನೂ ಕಿತ್ತು ಗುಜರಿಗೆ ಹಾಕಿದ. ಆಮೇಲೆ ಕೆಂಪು ಪ್ರೈಮರು, ಅದರ ಮೇಲೆ ಅರಿಸಿನ ಬಣ್ಣ. ವಿರೂಪಮ್ಮ ಗಾಡಿಯ ಹಣೆಗೆ ವಿಭೂತಿ ಬಳಿದು, ಅವತ್ತು ಮೊದಲ ಸಲ ಅದನ್ನು ಮುಟ್ಟಿದಳು.

ತಪಾಸಣೆಯ ದಿನ, ರೂಪನಗುಡಿಯಿಂದ ಮರಳಿದ್ದ ಸೈಫುದ್ದೀನನೂ ಸೇರಿ ಮೂವರೂ ಬಳ್ಳಾರಿಯ ಸಾರಿಗೆ ಕಚೇರಿಯ ಬಯಲಿಗೆ ಗಾಡಿ ಎಳೆಸಿಕೊಂಡು ಬಂದರು. ಇನ್‌ಸ್ಪೆಕ್ಟರ್ ಸೌಂದರ್ಯ ಅಂತ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ನೋಡಿದಳು, ಬ್ರೇಕು ನೋಡಿದಳು, ತಲೆಯಾಡಿಸಿದಳು. ಆಮೇಲೆ ಸೈನ್ಯದವರು ಕೊಟ್ಟ ಬಿಡುಗಡೆ ಕಾಗದ ಹಿಡಿದು ಬಲಗಡೆಯ ಮುಂಗಾಲಿಯ ಹತ್ತಿರ ಕೂತು ಚಾಸಿಗೆ ಟಾರ್ಚು ಬಿಟ್ಟಳು. ಬಹಳ ಹೊತ್ತು ಏಳಲಿಲ್ಲ.

"ಚಾಸಿ ನಂಬರ್ ಎಲ್ಲಿ?"

ದೊಡ್ಡಬಸವರಾಜ ಬಗ್ಗಿ ನೋಡಿದ. ಅರಿಸಿನ ಬಣ್ಣ ಫಳಫಳ ಹೊಳೆಯುತ್ತಿತ್ತು. ಬಣ್ಣ ಕೆರೆದರೆ ಕೆಂಪು, ಕೆಂಪು ಕೆರೆದರೆ ನುಣ್ಣನೆಯ ಕಬ್ಬಿಣ. ಚಾಸಿಯ ಮೇಲೆ ಒತ್ತಿದ್ದ ಎಂಟಂಕಿಯ ನಂಬರನ್ನು ತುಕ್ಕಿನ ಜೊತೆ ತಾನೇ ಉಜ್ಜಿ ಹಾಕಿದ್ದೇನೆಂದು, ಅದೇ ನಂಬರಿದ್ದ ತಗಡಿನ ಪಟ್ಟಿಯೂ ಗುಜರಿಗೆ ಹೋಯಿತೆಂದು ಆಗ ಅವನಿಗೆ ಹೊಳೆಯಿತು. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನಿಗೆ ಇಷ್ಟು ಗೊತ್ತಾಗಬಾರದೇ ಅನ್ನಬೇಡಿ. ಕಾಗದಪತ್ರದ ಉಸಾಬರಿಯೆಲ್ಲ ಮಾಲೀಕರದಾಗಿತ್ತು, ಇವನದು ಬರೀ ಸ್ಟೇರಿಂಗು.

"ನಂಬರ್ ಇಲ್ಲದ ಗಾಡಿ ನೋಂದಣಿ ಆಗಲ್ಲ. ಕಳುವಿನ ಗಾಡಿಯವರು ಹೀಗೆ ಉಜ್ಜೋದು. ನಿಮ್ಮದು ಹಾಗಲ್ಲ ಅಂತ ಕಾಗದ ನೋಡಿದರೆ ಅನ್ನಿಸುತ್ತೆ. ಮೇಲಿನವರನ್ನ ಕೇಳಿ ಊಟ ಆದ ಮೇಲೆ ಬರ್ತೀನಿ. ಅಲ್ಲೀತನಕ ಗಾಡಿ ಮುಟ್ಟಬೇಡಿ," ಎಂದು ಸೌಂದರ್ಯ ಒಳಗೆ ಹೋದಳು.

ಆಗಲ್ಲ ಅನ್ನುವುದೊಂದೇ ಅವನ ಕಿವಿಗೆ ಬಿದ್ದಿತು. ತಿರುಗಿ ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ಮಾತು ಕೇಳಿ ಕೆಟ್ಟೆ! ಹೆಣಾ ಅಂದಿ, ಸೂತಕ ಅಂದಿ. ಈಗ ನೋಡು, ನಂದ ಹೆಣಾ ಬಿತ್ತು!" ವಿರೂಪಮ್ಮ ತಂದಿದ್ದ ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಳು. ಬೈದ ಮರುಗಳಿಗೆಯೇ ಅವನಿಗೆ ನಾಚಿಕೆಯಾಯಿತು, ಆದರೆ ನಾಚಿಕೆಗೂ ಪುರುಸೊತ್ತಿರಲಿಲ್ಲ. ಕೊಯ್ಲಿಗೆ ಒಂಬತ್ತೇ ದಿನ. ಇವನು ಹೋಗದಿದ್ದರೆ ಆ ಹನ್ನೊಂದು ಮಂದಿಯೂ ಹಳೇ ಮಾಲೀಕನ ಲಾರಿಯನ್ನೇ ಕರೆಯುತ್ತಾರೆ. ಕೊನೆಗೆ ಇವನೂ ಅದೇ ಬಾಗಿಲಿಗೆ ಹೋಗಿ ಕೈಕಟ್ಟಿ ನಿಲ್ಲಬೇಕು.

ಇಂಥ ಹೊತ್ತಿಗೆ ಸರಿಯಾಗಿ ಎಲ್ಲಿಂದಲೋ ಒಬ್ಬ ಬುದ್ಧಿವಂತ ಬಂದೇ ಬರುತ್ತಾನೆ. ಬಯಲಿನಲ್ಲಿ ಫಾರಂ ತುಂಬಿಕೊಡುವ ಜೋಗಪ್ಪ ಬೇವಿನ ನೆರಳಿನಿಂದ ಎದ್ದು ಬಂದ.

"ಕಾಗದದಾಗ ನಂಬರ್ ಐತಲ್ಲ? ಅದನ್ನ ಕಬ್ಬಿಣದ ಮ್ಯಾಲ ಹೊಡೀರಿ. ನಿಮ್ಮ ಗಾಡಿ, ನಿಮ್ಮ ನಂಬರು. ಸುಳ್ಳೇನಾತು ಅದರಾಗ? ಬಣ್ಣ ದಪ್ಪ ಇತ್ರಿ, ಕೆರದ್ವಿ, ಸಿಕ್ತು ಅಂದರಾತು."

ಸೈಫುದ್ದೀನ್ ಜೊತೆಗೆ ತಂದಿದ್ದ ಹತ್ಯಾರದ ಪೆಟ್ಟಿಗೆಯಲ್ಲಿ ಅಂಕಿ ಒತ್ತುವ ಉಕ್ಕಿನ ಅಚ್ಚುಗಳಿದ್ದವು. ರಿಪೇರಿಗೆ ಬಿಚ್ಚಿದ ಭಾಗಗಳು ಅದಲುಬದಲಾಗದಿರಲೆಂದು ಗುರುತು ಹಾಕಲು ಇಟ್ಟುಕೊಂಡವು. ಅವನು ಪೆಟ್ಟಿಗೆಯ ಮೇಲೆ ಕೂತುಬಿಟ್ಟ. "ಬ್ಯಾಡ ಬಸಣ್ಣ. ಮುಟ್ಟಬ್ಯಾಡ ಅಂದಾರ. ಆ ಹುಡುಗಿ ಕೆಟ್ಟಾಕಿ ಕಾಣಂಗಿಲ್ಲ. ಒಂದ್ ತಾಸು ತಡಿ."

"ಇಪ್ಪತ್ತೆರಡು ವರ್ಷ ತಡದೀನಿ. ಏಳಲೇ ಮ್ಯಾಲ!"

ಗೆಳೆಯನ ತೋಳು ಹಿಡಿದು ಎಬ್ಬಿಸಿ ಪೆಟ್ಟಿಗೆ ತೆಗೆದ. ಗಾಡಿಯ ಕೆಳಗೆ ನುಸುಳಿದ. ವಿರೂಪಮ್ಮ ಕಾಗದ ಹಿಡಿದು ಅಂಕಿ ಒಂದೊಂದಾಗಿ ಓದಿದಳು. ಓದುವುದು ಅವಳಿಗೆ ನಿಧಾನ, ಆದರೂ ಪ್ರತಿ ಅಂಕಿಯನ್ನೂ ಎರಡೆರಡು ಸಲ ಹೇಳಿದಳು. ಅವನು ಎಂಟೂ ಅಂಕಿ ಹೊಡೆದ. ಗ್ರೀಸು, ಮಣ್ಣು ಬಳಿದು ಹಳೆಯದರಂತೆ ಮಾಡಿದ. ಆಚೆ ಬಂದು ಕೈ ಒರೆಸಿಕೊಂಡ. ಗಂಡಹೆಂಡತಿ ಒಂದೇ ರೊಟ್ಟಿ ಮುರಿದು ತಿಂದರು. ಸೈಫುದ್ದೀನ್ ತಿನ್ನಲಿಲ್ಲ.

ಸೌಂದರ್ಯ ಬಂದಳು. ಬರುವಾಗಲೇ ಮುಖದಲ್ಲಿ ನಗೆಯಿತ್ತು.

"ದಾರಿ ಸಿಕ್ತು. ನಂಬರ್ ಒತ್ತಿದಾಗ ಒಳಗಿನ ಕಬ್ಬಿಣವೂ ಅದುಮಿಕೊಂಡಿರುತ್ತೆ. ಮೇಲೆ ಎಷ್ಟು ಉಜ್ಜಿದರೂ ಒಳಗೆ ಗುರುತು ಉಳಿಯುತ್ತೆ. ಲ್ಯಾಬಿನವರು ಬಂದು ಆಸಿಡ್ ಹಚ್ಚಿದರೆ ಹಳೇ ಅಂಕಿ ತಾನಾಗೇ ಕಾಣಿಸುತ್ತೆ. ನಾಲ್ಕು ದಿನದಲ್ಲಿ ಬರ್ತಾರೆ. ಆ ಜಾಗ ಹಾಗೇ ಇರಬೇಕು, ಅಷ್ಟೇ."

ಹೇಳುತ್ತಲೇ ಮುಂಗಾಲಿಯ ಹತ್ತಿರ ಕೂತು ಟಾರ್ಚು ಬಿಟ್ಟಳು. ಬೆರಳಿನಿಂದ ಗ್ರೀಸು ಒರೆಸಿದಳು. ಹಸಿ ಏಟಿನ ಎಂಟು ಅಂಕಿ ಬೆಳ್ಳಗೆ ಹೊಳೆದವು. ಅವಳ ಮುಖದ ನಗೆ ಇಳಿದುಹೋಯಿತು. ಬೇವಿನ ಕೆಳಗೆ ಜೋಗಪ್ಪ ಇರಲಿಲ್ಲ.

"ಯಾರು ಹೊಡೆದಿದ್ದು ಇದನ್ನ?"

ಸೈಫುದ್ದೀನ್ ಬಾಯಿ ತೆರೆಯುವುದರೊಳಗೆ ದೊಡ್ಡಬಸವರಾಜ ಮುಂದೆ ಬಂದ. "ನಾನ್ರಿ. ಅವಗ ಸಂಬಂಧಿಲ್ಲ. ಗಾಡಿನೂ ನಂದ, ಕೈನೂ ನಂದ."

"ಹೊಸ ಏಟಿಗೆ ಒಳಗಿನ ಗುರುತೂ ಕೆಟ್ಟಿರುತ್ತೆ. ಇದರ ಕೆಳಗೆ ಇನ್ನೇನೂ ಸಿಗಲ್ಲ ಇವರೇ. ಇದ್ದ ಒಂದು ಸಾಕ್ಷಿಯನ್ನೂ ಹೊಡೆದು ಹಾಕಿದಿರಿ," ಎಂದಳು ಸೌಂದರ್ಯ. ಅವಳ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ವಿರೂಪಮ್ಮ ನೆಲದ ಮೇಲೆ ಕುಕ್ಕರಿಸಿದಳು. ಕಾಗದ ಇನ್ನೂ ಅವಳ ಕೈಯಲ್ಲೇ ಇತ್ತು.

"ಅವ್ವಾ, ನಾನ ಓದಿ ಹೇಳೀನಿ. ನಂಬರ್ ತಪ್ಪು ಓದೀನೇನ?"

"ಇಲ್ಲಮ್ಮ," ಎಂದಳು ಸೌಂದರ್ಯ. "ಒಂದಂಕಿನೂ ತಪ್ಪಿಲ್ಲ." ಹಾಗೆಂದು ದೊಡ್ಡಬಸವರಾಜನ ಕಡೆ ತಿರುಗಿ, ಗಾಡಿ ಜಪ್ತಿಗೆಂದು ಕೀಲಿಗಾಗಿ ಕೈ ಚಾಚಿದಳು.