ತಾ ಸುರಪುರ, ಜಿ ಯಾದಗಿರಿ

ಮೂವತ್ತು ವರ್ಷ ಕನ್ನಡ ಮಾಸ್ತರನಾಗಿದ್ದ ನನಗೆ ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು ಎಂದರೆ ನೀವು ನಗಬಹುದು. ನಗಿರಿ. ಕಂಪ್ಯೂಟರಿನಲ್ಲಿ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಆ ತಂತ್ರಾಂಶಕ್ಕೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ತಿಳಿಯದು. ವಿಳಾಸದಲ್ಲಿ 'ತಾ. ಸುರಪುರ, ಜಿ. ಯಾದಗಿರಿ' ಎಂದಿದ್ದರೆ ತಾಲೂಕು, ಜಿಲ್ಲೆ ಎನ್ನದೆ, "ತಾ ಸುರಪುರ! ಜಿ, ಯಾದಗಿರಿ!" ಎನ್ನುತ್ತದೆ. ಹೋಟೆಲಿನಲ್ಲಿ ಯಾರೋ ಒಂದು ಪ್ಲೇಟ್ ಸುರಪುರ ತರಲು ಹೇಳಿದಂತೆ, ಮಾಣಿ ವಿನಯದಿಂದ 'ಜಿ' ಎಂದಂತೆ.

ಅದು ನಮ್ಮ ಮನೆಗೆ ಬಂದದ್ದು ತಂಗಿ ಗುರಮ್ಮನಿಗಾಗಿ. ಇಲ್ಲೇ ಸುರಪುರದ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಹತ್ತನೆಯದು ಪಾಸಾದರೆ ಟೀಚರ್ ಆಗಬಹುದು. ಆದರೆ ಅಕ್ಷರಗಳು ಅವಳ ಕಣ್ಣೆದುರು ನಿಂತಲ್ಲಿ ನಿಲ್ಲುವುದಿಲ್ಲ. 'ವ' ಹೋಗಿ 'ಮ' ಆಗುತ್ತದೆ, ಒತ್ತಕ್ಷರ ಪಕ್ಕದ ಅಕ್ಷರದ ಕಾಲಿಗೆ ಬೀಳುತ್ತದೆ. ಚಿಕ್ಕಂದಿನಲ್ಲಿ ಅವಳಿಗೆ ಓದು ಹೇಳಿಕೊಟ್ಟವನು ನಾನೇ. "ದಡ್ಡಿ, ನಿನ್ನ ತಲ್ಯಾಗ ಸಗಣಿ ತುಂಬೇದ" ಎಂದವನೂ ನಾನೇ. ಏಳನೆಯದಕ್ಕೆ ಶಾಲೆ ಬಿಡಿಸೆಂದು ಅಪ್ಪನಿಗೆ ಹೇಳಿದವನೂ ನಾನೇ. ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ, ದಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾದಗಿರಿಯ ಡಾಕ್ಟರಮ್ಮ ತಿಳಿಸಿ, ಈ ತಂತ್ರಾಂಶ ತೋರಿಸಿಕೊಡುವ ಹೊತ್ತಿಗೆ ಗುರಮ್ಮನಿಗೆ ನಲವತ್ತು ದಾಟಿತ್ತು.

ನಮ್ಮ ಕಡೆ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಓದುತ್ತಾರೆ, ಊರೆಲ್ಲ ಕೂತು ಕೇಳುತ್ತದೆ. ಅಬ್ಬೆತುಮಕೂರಿನ ಮಠದಲ್ಲಿ ಹಾಗೆ ಕೇಳಿ ಬಂದವರನ್ನು ಯಾರೂ ದಡ್ಡರೆಂದದ್ದಿಲ್ಲ. ಕಿವಿಯಿಂದ ಒಳಗೆ ಹೋದದ್ದೂ ವಿದ್ಯೆಯೇ ಎಂಬುದು ಬಿ.ಎಡ್. ಮಾಡಿದ ನನಗೆ ಮಾತ್ರ ಹೊಳೆಯಲಿಲ್ಲ ನೋಡಿ.

ಹತ್ತನೆಯದರ ಪರೀಕ್ಷೆಗೆ ಹೊರಗಿನಿಂದ ಕಟ್ಟಿದ ಗುರಮ್ಮ ದಿನಾ ಸಂಜೆ ಕಂಪ್ಯೂಟರಿನ ಮುಂದೆ ಕೂತು ಪಾಠ ಕೇಳುತ್ತಿದ್ದಳು. ಯಂತ್ರ ಓದುವ ಪದಕ್ಕೆ ಹಳದಿ ಬಣ್ಣ ಬರುತ್ತಿತ್ತು, ಅವಳ ಬೆರಳು ಅದರ ಬೆನ್ನುಹತ್ತುತ್ತಿತ್ತು. ಒಂದೇ ಸಾಲು ಹತ್ತು ಸಲ.

"ನೋಡಣ್ಣಾ, ಎಷ್ಟ ಸಲ ಕೇಳಿದ್ರೂ ಸಿಟ್ಟಿಗೇಳಂಗಿಲ್ಲ ಇದು."

ನನ್ನ ಹೊಟ್ಟೆಕಿಚ್ಚೆಲ್ಲ ಅದಕ್ಕೇ.

ಮೊನ್ನೆ ಫಲಿತಾಂಶ ಬಂತು. ಗುರಮ್ಮ ಪಾಸು! ಓಣಿಗೆಲ್ಲ ಪೇಡೆ ಹಂಚಿದಳು. ನನ್ನ ಕೈಯಲ್ಲಿದ್ದದ್ದು ಮಾತ್ರ ಹಾಗೇ ಉಳಿಯಿತು. ಹೇಳಬೇಕಾದ ಮಾತು ಬಾಯಿಗೆ ಬರಲೊಲ್ಲದು. ಕೊನೆಗೆ ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪ್ ಮಾಡಿ, ಅವಳನ್ನು ಕರೆದು, ಗುಂಡಿ ಒತ್ತಿದೆ.

"ಗುರಮ್ಮ, ದಡ್ಡ ನಾನು, ನೀನಲ್ಲ. ತಪ್ಪಾಯ್ತವ್ವ" ಎಂದಿತು ಯಂತ್ರ, ತನ್ನ ಒಣ ದನಿಯಲ್ಲಿ.

ಅವಳು ಪಕ್ಕದಲ್ಲಿ ಕೂತಳು. ಪರದೆಯ ಮೇಲೆ, ಮೊದಲ ಪದದ ಕೆಳಗೆ ಬೆರಳಿಟ್ಟಳು.

"ನೀ ಬರದದ್ದು ನಿನ್ನ ಬಾಯಿಲೇ ಓದಣ್ಣಾ."

ಇದ್ದದ್ದೇ ಐದು ಪದ. ಎರಡನೆಯದಕ್ಕೇ 'ದ... ದ...' ಎಂದು ತೊದಲಿದೆ. ಗುರಮ್ಮ ಬೆರಳು ತೆಗೆಯದೆ ಕಾದಳು.