ಬಲಗಿವಿಯ ಡಬಡಬ

ಗುಂಡ್ಲುಪೇಟೆಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ಯಾವ ಇಯರ್‌ಬಡ್ ಬಂದರೂ ಮಾರುವ ಮುಂಚೆ ನಾನೇ ಹಾಕಿ ನೋಡುವುದು ನನ್ನ ಚಾಳಿ. ಅವತ್ತು ಸಂಜೆ ಬೇಗೂರಿನಲ್ಲಿ ಬಸ್ಸಿಳಿದು ಅಕ್ಕನ ತೋಟದ ಮನೆಗೆ ನಡೆದು ಹೊರಟವನು, ಎಡಗಿವಿಗೆ ದುಬಾರಿಯದನ್ನೂ ಬಲಗಿವಿಗೆ ಅಗ್ಗದ್ದನ್ನೂ ಸಿಕ್ಕಿಸಿ ಎರಡಕ್ಕೂ ಒಂದೇ ಹಾಡು ಕೊಟ್ಟೆ.

ದುಬಾರಿಯದು ಬಿರಡೆ ಹಾಕಿದ ಹಾಗೆ ಕೂತಿತ್ತು. ಹಾಡು ಬಿಟ್ಟರೆ ಲೋಕವೇ ಇಲ್ಲ. ಅಗ್ಗದ್ದು ಸಡಿಲ, ಜೊತೆಗೆ ಹಾಡಿನ ಅಡಿಯಲ್ಲಿ ಡಬಡಬ ಅಂತ ಬೇರೇನೋ ಸದ್ದು. ಕಿವಿ ಬದಲಿಸಿ ನೋಡಿದೆ. ಡಬಡಬವೂ ಅದರ ಜೊತೆಗೇ ಬಂತು. ಬೇಸ್ ಒಡೀತಿದೆ, ಮಾಲು ವಾಪಸ್ ಕಳಿಸಬೇಕು ಅಂದುಕೊಂಡು ಅದನ್ನು ಇನ್ನಷ್ಟು ಒಳಕ್ಕೆ ಒತ್ತಿದೆ.

ಅಷ್ಟರಲ್ಲಿ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ರಭಸಕ್ಕೆ ಎರಡೂ ಬಡ್ ಕೆಳಗೆ ಬಿದ್ದವು. ಡಬಡಬ ಮಾತ್ರ ನಿಲ್ಲಲಿಲ್ಲ. ಸುತ್ತಲ ಹೊಲಗಳಲ್ಲೆಲ್ಲ ಜನ ತಗಡು ಬಡಿಯುತ್ತಿದ್ದರು.

"ಕಿವಿ ಕೇಳಲ್ವಾ ಅಣ್ಣ? ಆನ ಇತ್ತಗೇ ಬತ್ತಾ ಅದ!" ಎಂದು ಕುಡುಗೋಲು ಹಿಡಿದ ಹೆಂಗಸೊಬ್ಬಳು ನನ್ನನ್ನು ದಾರಿ ಪಕ್ಕದ ಪಂಪ್‌ಹೌಸಿನೊಳಕ್ಕೆ ದಬ್ಬಿ, ತಾನೂ ನುಗ್ಗಿ ಬಾಗಿಲೆಳೆದಳು.

ಸಂದಿಯಲ್ಲಿ ನೋಡಿದೆ. ನಾನು ನಿಂತಿದ್ದ ಜಾಗದಲ್ಲೇ ಆನೆ ನಿಂತಿತ್ತು. ಅದರ ಉಸಿರು ತಗಡಿನ ಬಾಗಿಲಿಗೆ ತಾಗುತ್ತಿತ್ತು. ಅವಳು ನನ್ನ ಬಾಯಿ ಮುಚ್ಚಿದ್ದಳು. ಆನೆ ತಿರುಗಿ ದೂರ ಹೋದ ಮೇಲೇ ಕೈ ತೆಗೆದಳು.

ಮೊನ್ನೆ ಗಿರಾಕಿಯೊಬ್ಬ ಅಂಗಡಿಗೆ ಬಂದು, "ಒರಗಿನ ಸದ್ದು ಒಂಚೂರೂ ಕೇಳಬಾರ್ದು, ಅಂಥದ್ದು ಕೊಡಿ" ಅಂದ.

ದುಬಾರಿ ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದೆ: "ಮನೆ ಊರೊಳಗೋ, ತೋಟದಲ್ಲೋ?"