ಗೋಲುಕಂಬದ ಹಿಂದಿನ ಕೂಗು

ಮೊನ್ನೆ ಗಂಟಲು ಕೆಟ್ಟಿತು. ಬರೀ ನೆಗಡಿ ಅಂತ ಡಾಕ್ಟರು ಎರಡು ಸಲ ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ಐವತ್ತು ದಾಟಿದ ಮೇಲೆ ನನ್ನ ಮೈಗೆ ಯಾವುದೂ ‘ಬರೀ’ ಆಗಿ ಬರುವುದಿಲ್ಲ ಎಂಬುದು ನನ್ನ ದೃಢವಾದ ಅನುಮಾನ. ಹೆಂಡತಿ ಗ್ರಂಧಿಗೆ ಅಂಗಡಿಯಿಂದ ಜ್ಯೇಷ್ಠಮಧುವಿನ ಕಡ್ಡಿ ತಂದು, “ಇದನ್ನ ಕಚ್ಕೊಂಡು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರಿ, ಮನೆಯೋರಿಗೂ ಆರಾಮಾಗ್ಲಿ” ಎಂದಳು. ಕಚ್ಚಿದೆ. ಮಣ್ಣಿನ ವಾಸನೆ ಬೆರೆತ ಆ ಒಣ ಸಿಹಿ ಗಂಟಲಿಗೆ ಇಳಿಯುವ ಮೊದಲೇ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ... ಪಕ್ಕದ ಮನೆಯ ಬಾಗಿಲು, ಚಾಚಿಯ ಕೈಯಲ್ಲಿ ಹಬೆಯಾಡುವ ಸ್ಟೀಲ್ ಲೋಟ, ಅವರ ಹಿಂದೆ ನಗು ತಡೆದುಕೊಂಡು ನಿಂತ ಚಾಚಾ.

ಚಾಚಾ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಅಂದರೆ ಊರುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಕೆಲಸ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ... ಈ ಮೂರು ಊರುಗಳನ್ನು ಅವರಷ್ಟು ಸಲ ಬಾಯಲ್ಲಿ ಹೇಳಿದ ಮನುಷ್ಯ ಇನ್ನೊಬ್ಬರು ಇರಲಿಕ್ಕಿಲ್ಲ. ಭಾನುವಾರ ಬಂತೆಂದರೆ ಅದೇ ಗಂಟಲು ಫುಟ್‌ಬಾಲಿಗೆ. ನಮ್ಮ ಪಟ್ಟಣದ ತಂಡ ಎಲ್ಲಿ ಆಡಿದರೂ ಎದುರಾಳಿಯ ಗೋಲಿನ ಹಿಂದೆ ಬೆಂಬಲಿಗರ ಗುಂಪು ಕಟ್ಟಿಕೊಂಡು ನಿಲ್ಲುತ್ತಿದ್ದರು. ಅಲ್ಲೂ ಅವರು ಕೂಗುತ್ತಿದ್ದದ್ದು ಬಸ್ಸಿನ ಊರುಗಳನ್ನೇ. ಎಡಗಡೆ ಜಾಗ ಖಾಲಿ ಇದ್ದರೆ “ಪ್ಯಾಟೆ, ಪ್ಯಾಟೆ, ಪ್ಯಾಟೆ!” ಬಲಗಡೆಯಾದರೆ “ನಾಗಮಂಗ್ಲಾ!” ನೇರವಾಗಿ ಗೋಲಿಗೇ ಒದೆಯಬೇಕಾದರೆ “ಪಾಂಡವಪುರ!” ನಮ್ಮ ಹುಡುಗರು ತಲೆಯೆತ್ತಿ ನೋಡದೆ, ಕೂಗು ಬಂದ ಕಡೆಗೆ ಚೆಂಡು ತಳ್ಳುತ್ತಿದ್ದರು. ಗೋಲಿನ ಹಿಂದೆ ನಿಂತವರಿಗೆ ಇಡೀ ಮೈದಾನ ಕಾಣುತ್ತದೆ, ಆಡುವವನಿಗೆ ತನ್ನ ಕಾಲು ಮಾತ್ರ ಕಾಣುತ್ತದೆ ಎಂಬುದು ಚಾಚಾರ ಲೆಕ್ಕಾಚಾರ.

ನಾನು ಇದೊಂದನ್ನೂ ನೋಡಿದವನಲ್ಲ. ಆಗ ನನಗೆ ಮೂವತ್ತರ ಮೇಲೆ. ನೀರಾವರಿ ಇಲಾಖೆಯಲ್ಲಿ ಗುಮಾಸ್ತ, ದಿನಾ ಬೆಳಗೊಳಕ್ಕೆ ಹೋಗಿ ಬರುವುದು. ಜನ ಗುಂಪು ಸೇರಿದರೆ ನೂಕುನುಗ್ಗಲು, ನೂಕುನುಗ್ಗಲಾದರೆ ಕಾಲ್ತುಳಿತ, ಕಾಲ್ತುಳಿತವಾದರೆ ಮೊದಲು ಬೀಳುವವನು ನಾನೇ ಎಂದು ಮನೆಯಲ್ಲೇ ಕೂತು ಲೆಕ್ಕ ಹಾಕುವ ಜಾತಿ. ನಾನು ಇಳಿಯುವ ಸ್ಟಾಪು ಬಂದಾಗ ಬೇರೆ ಯಾರೂ ಇಳಿಯದಿದ್ದರೆ, “ಹೋಲ್ಡಾನ್” ಎಂದು ಕೂಗುವ ಸಂಕೋಚಕ್ಕೆ ಮುಂದಿನ ಸ್ಟಾಪಿನವರೆಗೆ ಹೋಗಿ ನಡೆದುಕೊಂಡು ವಾಪಸ್ಸು ಬಂದಿದ್ದೇನೆ. ಒಂದು ಸಲ ಅಲ್ಲ.

ಆ ವರ್ಷ ಚಾಚಾರ ದನಿ ಗೊಗ್ಗರಾಗತೊಡಗಿತು. ಮೈಸೂರಿನ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ದನಿ ಹೋಗುತ್ತದೆ. ಆಪರೇಷನ್ ಮುಂದಿನ ಬುಧವಾರ. ಅಲ್ಲಿಯವರೆಗೆ ಮೆಲ್ಲಗೆ ಮಾತಾಡಬಹುದು, ಆದರೆ ಕೂಗಬಾರದು. ಕೂಗಿದರೆ ಊದಿಕೊಂಡು ಉಸಿರೇ ಕಟ್ಟಬಹುದು. ಇಷ್ಟು ಕೇಳಿಸಿಕೊಂಡು ಬಂದ ಚಾಚಾ ಮನೆಯಲ್ಲಿ ಹೇಳಿದ ಮೊದಲ ಮಾತು: ಭಾನುವಾರ ಪಾಂಡವಪುರದಲ್ಲಿ ಫೈನಲ್ ಇದೆ, ಹೋಗುತ್ತೇನೆ.

ಶನಿವಾರ ಸಂಜೆ ಚಾಚಿ ಗೋಡೆಯ ಆಚೆಯಿಂದ ನನ್ನನ್ನು ಕರೆದರು. “ಬೇಟಾ, ನಿಮ್ ಚಾಚಾನ ತಡಿಯಕ್ಕೆ ನನ್ ಕೈಲಾಗಕಿಲ್ಲ. ಓಗ್ಲಿ ಬುಡು. ನೀನೂ ಜೊತೇಲಿ ಓಗು. ಅವ್ರು ಬಾಯಿ ತೆಗುದ್ರೆ ಕೈ ಅಡ್ಡ ಇಟ್ಬುಡು.”

“ನಾನೇ ಯಾಕೆ ಚಾಚಿ? ನನಗೆ ಆಟದ ಗಂಧಗಾಳಿ ಗೊತ್ತಿಲ್ಲ.”

“ಅದ್ಕೇಯ. ಗೊತ್ತಿರೋರೆಲ್ಲ ಅಲ್ಲಿಗೋದ್ರೆ ಉಚ್ಚರಾಯ್ತಾರೆ. ಈ ಬೀದೀಲಿ ನಿನ್ನಷ್ಟು ಎದ್ರುಕೊಳ್ಳೋರು ಇನ್ಯಾರವ್ರೆ ಹೇಳು?”



ಹೀಗೆ ನಾನು ಭಾನುವಾರ ಮಧ್ಯಾಹ್ನ ಛತ್ರಿ, ನೀರಿನ ಬಾಟಲಿ, ಒಂದು ಟವೆಲ್ಲು, ಮೈಸೂರಿನ ಆಸ್ಪತ್ರೆಯ ಫೋನ್ ನಂಬರು ಎಲ್ಲ ಇಟ್ಟುಕೊಂಡು ಲಗೇಜು ಟೆಂಪೋ ಹತ್ತಿದೆ. ಒಳಗೆ ಕೂರಲು ಜಾಗವಿಲ್ಲ. ಗ್ಯಾರೇಜಿನವರು, ಹೂವಿನವರು, ಕಾಲೇಜು ಹುಡುಗರು, ಎರಡು ತಮಟೆ. “ಏನ್ ಕ್ಲರ್ಕ್ ಸಾಹೇಬ್ರೇ, ಪಾಂಡವಪುರದಲ್ಲಿ ಮಳೆನಾ?” ಎಂದು ಯಾರೋ ಛತ್ರಿ ನೋಡಿ ಕೇಳಿದರು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಕಿರಂಗೂರು ದಾಟುವಷ್ಟರಲ್ಲಿ ತಮಟೆ ಶುರುವಾಯಿತು. ಚಾಚಾ ಮಾತ್ರ ಡ್ರೈವರ್ ಪಕ್ಕ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು, ಶಾಲೆಗೆ ಮೊದಲ ದಿನ ಹೊರಟ ಹುಡುಗನ ಹಾಗೆ ಬಾಯಿ ಬಿಗಿದು ಕೂತಿದ್ದರು.

ಮೈದಾನದ ಆಚೆ ಕುಂತಿಬೆಟ್ಟ ಕಾಣುತ್ತಿತ್ತು. ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ. ಗೋಲಿನ ಹಿಂದೆ ನಿಂತೆವು. ನಾನು ಚಾಚಾರ ಎಡಕ್ಕೆ, ಅವರ ಬಾಯಿಗೆ ಕೈ ನಿಲುಕುವಷ್ಟು ದೂರದಲ್ಲಿ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ನಮ್ಮ ಹುಡುಗರು ಕಂಗಾಲಾದರು. ಚೆಂಡು ಕಾಲಿಗೆ ಸಿಕ್ಕಿದವನು ನಿಂತು ನಮ್ಮ ಕಡೆ ಕಿವಿಗೊಡುತ್ತಾನೆ, ಏನೂ ಕೇಳಿಸುವುದಿಲ್ಲ, ಅಷ್ಟರಲ್ಲಿ ಎದುರಿನವನು ಕಿತ್ತುಕೊಂಡು ಹೋಗುತ್ತಾನೆ. ಪಾಂಡವಪುರದವರು ಒಂದು ಗೋಲು ಹೊಡೆದೂ ಆಯಿತು. ಚಾಚಾರ ಕುತ್ತಿಗೆಯ ನರ ಉಬ್ಬುವುದು ನೋಡಿ ನಾನು ಕೈ ಮೇಲೆತ್ತಿದೆ. ಅವರು ಆ ಕೈ ಹಿಡಿದು ಎಳೆದು, ನನ್ನ ಕಿವಿಗೆ ಬಾಯಿಟ್ಟು, ಗಾಳಿಯಂಥ ದನಿಯಲ್ಲಿ ಹೇಳಿದರು: “ಪ್ಯಾಟೆ ಅನ್ನು.”

“ಪ್ಯಾಟೆ” ಎಂದೆ.

“ನನಿಗಲ್ಲ ಕಣಪ್ಪಾ, ಅವನಿಗನ್ನು!”

“ಪ್ಯಾಟೆ!” ಎಂದೆ. ಪಕ್ಕದ ತಮಟೆಯವನು ತಿರುಗಿ ನೋಡಿ, “ಅದೇನ್ಸಾ, ತರಕಾರಿ ತರಕ್ಕೋಯ್ತಾ ಇದ್ದೀರಾ? ಒಟ್ಟೆಯಿಂದ ಕೂಗಿ!” ಎಂದ.

ಹೊಟ್ಟೆಯಿಂದ ಕೂಗಿದೆ. ಎಲ್ಲಿತ್ತೋ ಗೊತ್ತಿಲ್ಲ. ಮೂವತ್ತು ವರ್ಷ ಇಳಿಯದ ಸ್ಟಾಪುಗಳೆಲ್ಲ ಒಟ್ಟಿಗೆ ಹೊರಬಂದ ಹಾಗೆ ಬಂತು ಆ ಕೂಗು. “ಪ್ಯಾಟೆ, ಪ್ಯಾಟೆ, ಪ್ಯಾಟೇ!” ದೂರದಲ್ಲಿ ಒಬ್ಬ ಹುಡುಗ ತಲೆಯನ್ನೂ ಎತ್ತದೆ ಎಡಕ್ಕೆ ಒದ್ದ. ಅಲ್ಲಿ ನಮ್ಮವನೇ ಇದ್ದ! ನಾನು ಹೇಳಿದ ಕಡೆಗೆ ಚೆಂಡು ಹೋಗಿತ್ತು. ಕಚೇರಿಯಲ್ಲಿ ನಾನು ಹೇಳಿದ ಕಡೆಗೆ ಒಂದು ಫೈಲು ಹೋದದ್ದಿಲ್ಲ... ಹಿಂದಿನಿಂದ ನೂರು ಗಂಟಲು ನನ್ನ ಮಾತನ್ನೇ ಎತ್ತಿಕೊಂಡವು. ಗುಂಪೆಂದರೆ ನನ್ನನ್ನು ತುಳಿಯುವ ಕಾಲುಗಳು ಎಂದುಕೊಂಡಿದ್ದೆ. ಅವತ್ತು ನನಗೇ ನೂರು ಕಾಲು ಬಂದಿದ್ದವು.

ಆಮೇಲೆ ನಿಲ್ಲಲಿಲ್ಲ. ಚಾಚಾ ಕಿವಿಯಲ್ಲಿ ಉಸುರುವುದು, ನಾನು ಕೂಗುವುದು. ಒಂದು ಯಡವಟ್ಟೂ ಆಯಿತು. ಎದುರಾಳಿಯ ಊರೇ ಪಾಂಡವಪುರವಾದ್ದರಿಂದ ಇವತ್ತು ನೇರ ಒದೆತಕ್ಕೆ ‘ಡಿಪೋ’ ಅನ್ನಬೇಕೆಂದು ಚಾಚಾ ಆಗಲೇ ಕಿವಿಯಲ್ಲಿ ಎಚ್ಚರಿಸಿದ್ದರು. ಹುರುಪಿನಲ್ಲಿ ಮರೆತು “ಪಾಂಡವಪುರ, ಪಾಂಡವಪುರ!” ಎಂದು ಎರಡು ಕೈ ಎತ್ತಿ ಅರಚಿದೆ. ಆಚೆ ಕಡೆಯ ಬೆಂಬಲಿಗರು ಎದ್ದು ನಿಂತು ನನಗೆ ಶಿಳ್ಳೆ ಹೊಡೆದರು. “ಲೇ, ನಮ್ಮೋರನ್ನ ಕರ್ಕೊಂಬಂದವ್ರೆ ಕಣ್ಲಾ!” ನಮ್ಮವರು ನನ್ನನ್ನು ನೋಡಿದ ನೋಟ ಈಗಲೂ ಬೆನ್ನಿಗೆ ಅಂಟಿದೆ. ಆದರೂ ಹುಡುಗ ಒದ್ದಿದ್ದ, ಚೆಂಡು ಒಳಗೆ ಹೋಗಿತ್ತು. ಒಂದಕ್ಕೊಂದು ಸಮ.

ಅರ್ಧ ಆಟಕ್ಕೆ ತಂಡಗಳು ಕಡೆ ಬದಲಿಸಿದಾಗ ಬೆಂಬಲಿಗರೂ ಗೋಲು ಬದಲಿಸಬೇಕು. ಎರಡು ಗುಂಪೂ ಮೈದಾನದ ನಡುವೆ ಎದುರಾದಾಗ ಜೇಬಿನ ಕಡಲೆಕಾಯಿಯನ್ನು ಒಬ್ಬರಿಗೊಬ್ಬರು ಹಿಡಿ ಹಿಡಿ ಕೊಟ್ಟುಕೊಳ್ಳುವುದು ರೂಢಿ. ಬೈಗುಳವೂ ಜೊತೆಗೇ. ಅವರ ಕಡೆಯ ಒಬ್ಬ ದಪ್ಪ ಮೀಸೆಯವರು ಚಾಚಾರನ್ನು ತಡೆದು, “ಏನ್ ಏಜೆಂಟ್ರೇ, ಇವತ್ತು ಬಸ್ ಮುಷ್ಕರವಾ? ಸದ್ದೇ ಇಲ್ಲ” ಎಂದರು. ಚಾಚಾ ಮಫ್ಲರು ಸರಿಸಿ ಗಂಟಲು ಮುಟ್ಟಿ ತೋರಿಸಿದರು. “ಬುಧವಾರ ತೆಗೀತಾರೆ” ಎಂದು ನಾನು ಹೇಳಿದೆ. ಮೀಸೆಯವರು ತಮ್ಮ ಜೇಬಿನ ಕಡಲೆಕಾಯಿಯನ್ನೆಲ್ಲ ಚಾಚಾರ ಜೇಬಿಗೆ ಸುರಿದು, ಭುಜ ತಟ್ಟಿ ಮುಂದೆ ಹೋದರು.

ಕೊನೆಯ ಹೊತ್ತು. ಇನ್ನೂ ಸಮ. ಎರಡೂ ಕಡೆಯ ಗದ್ದಲಕ್ಕೆ ನನ್ನ ದನಿ ನನಗೇ ಕೇಳಿಸುತ್ತಿಲ್ಲ. ಚೆಂಡು ನಮ್ಮ ಹುಡುಗನ ಕಾಲಲ್ಲಿ. ಚಾಚಾ ನನ್ನ ಕಿವಿಗೆ ಏನೋ ಹೇಳಿದರು. ಕೇಳಿಸಲಿಲ್ಲ. “ಏನು ಚಾಚಾ?” ಮತ್ತೆ ಹೇಳಿದರು. ಬರೀ ಬಿಸಿಯುಸಿರು ತಾಗಿತು. “ಪ್ಯಾಟೆನಾ? ಡಿಪೋನಾ?” ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಮೈದಾನ ನೋಡಿದರು. ಮಫ್ಲರನ್ನು ಕಿತ್ತು ನನ್ನ ಕೈಗೆ ತುರುಕಿದರು.

“ನಾಗಮಂಗ್ಲಾಽಽಽ!”

ಅಂಥ ಕೂಗನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಒಡೆದ ದನಿ, ಆದರೆ ಗದ್ದಲವನ್ನು ಸೀಳಿಕೊಂಡು ಹೋಯಿತು. ಕೈ ಅಡ್ಡ ಇಡುವುದು ಇರಲಿ, ನನಗೆ ಕೈ ಇದೆ ಅನ್ನುವುದೇ ನೆನಪಿರಲಿಲ್ಲ. ಚೆಂಡು ಬಲಕ್ಕೆ ಬಂತು. ಅಲ್ಲಿದ್ದ ಹುಡುಗ ಒಬ್ಬನೇ. ಮುಂದೆ ಗೋಲು ಬಟಾಬಯಲು. ಅವನು ಒದ್ದ ಒದೆತಕ್ಕೆ ಚೆಂಡು ಕಂಬದ ಮೇಲಿಂದ, ನಮ್ಮೆಲ್ಲರ ತಲೆಯ ಮೇಲಿಂದ ಹಾರಿ ಹಿಂದಿನ ಕಬ್ಬಿನ ಗದ್ದೆಗೆ ಬಿತ್ತು. ಪೆನಾಲ್ಟಿಯಲ್ಲಿ ಸೋತೆವು.

ಚಾಚಾ ನೆಲಕ್ಕೆ ಕುಸಿದು ಕೂತಿದ್ದರು. ಉಸಿರು ಗರಗರ ಅನ್ನುತ್ತಿತ್ತು. ನಾನು ಟವೆಲ್ಲು ಬೀಸಿದೆ, ನೀರು ಕುಡಿಸಿದೆ, ಛತ್ರಿ ಬಿಚ್ಚಿ ನೆರಳು ಹಿಡಿದೆ. ಕೊನೆಗೂ ಅದು ಕೆಲಸಕ್ಕೆ ಬಂತು. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂದಾಗ ಅವರು ನಗುತ್ತಿದ್ದರು. “ಬಸ್ಸು ಸರಿಯಾಗೇ ಬಂತು ಕಣಪ್ಪಾ,” ಎಂದು ಪಿಸುಗುಟ್ಟಿದರು. “ಅತ್ತೋನು ಜಾರ್ಬುಟ್ಟ.”

ದಾರಿಯುದ್ದಕ್ಕೂ ಚಾಚಿಗೆ ಏನು ಹೇಳುವುದೆಂದು ಮಾತು ಜೋಡಿಸಿಕೊಂಡೆ. ಬಾಗಿಲಲ್ಲಿ ಬಾಯಿ ತೆರೆದರೆ ನನ್ನ ಗಂಟಲಿಂದ ಒಂದಕ್ಷರ ಹೊರಡಲಿಲ್ಲ. ಕೂಗಿ ಕೂಗಿ ಪೂರಾ ಕಟ್ಟಿಹೋಗಿತ್ತು. ಚಾಚಿ ನನ್ನನ್ನು ನೋಡಿದರು, ಗಂಡನನ್ನು ನೋಡಿದರು. ಅವರಿಗೆಂದು ಕುದಿಸಿಟ್ಟಿದ್ದ ಜ್ಯೇಷ್ಠಮಧುವಿನ ಕಷಾಯವನ್ನು ನನ್ನ ಕೈಗೆ ಕೊಟ್ಟರು. ಏನೂ ಕೇಳಲಿಲ್ಲ.

ಬುಧವಾರ ಆಪರೇಷನ್ ಆಯಿತು. ಚಾಚಾ ಆಮೇಲೂ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು, ಬಸ್ಸಿನ ಮೈ ತಟ್ಟಿ ಜನರನ್ನು ಕರೆಯುತ್ತಿದ್ದರು. ಭಾನುವಾರ ನನ್ನ ಹಿಂದೆ ನಿಂತು ಎಡ ಭುಜ ಅದುಮಿದರೆ ಪ್ಯಾಟೆ, ಬಲ ಭುಜ ಅದುಮಿದರೆ ನಾಗಮಂಗಲ. ವರ್ಷಗಟ್ಟಲೆ ಹಾಗೇ ನಡೆಯಿತು. ಎರಡು ವರ್ಷದ ಹಿಂದೆ, ನಿದ್ದೆಯಲ್ಲೇ, ಚಾಚಾ ಹೋದರು... ನಾನು ಈಗಲೂ ಪಂದ್ಯಕ್ಕೆ ಹೋಗುತ್ತೇನೆ. ಕೂಗುತ್ತೇನೆ. ಎಷ್ಟೋ ಸಲ ತಪ್ಪು ಊರು ಕೂಗುತ್ತೇನೆ.

ಮೊನ್ನೆ ಆ ಕಡ್ಡಿ ಕಚ್ಚಿಕೊಂಡೇ ಪಕ್ಕದ ಮನೆಗೆ ಹೋದೆ. ಚಾಚಿ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾನು ಪಕ್ಕ ಕೂತಾಗ ತಲೆಯೆತ್ತದೆ ಕೇಳಿದರು.

“ಅವತ್ತು ಪಾಂಡವಪುರದಲ್ಲಿ ನಿಮ್ ಚಾಚಾ ಕೂಗುದ್ರಲ್ವಾ?”

“ಹೂಂ ಚಾಚಿ. ಒಂದೇ ಸಲ.”

“ಏನಂತ?”

“ನಾಗಮಂಗಲ ಅಂತ.”

“ಎಂಗೆ ಕೂಗುದ್ರು? ಒಂದ್ಸಲ ಕೂಗಿ ತೋರ್ಸು ಬೇಟಾ.”

ಸುತ್ತ ನೋಡಿಕೊಂಡೆ. ಬೀದಿಯವರು ಏನೆಂದುಕೊಂಡಾರು ಎಂದು ಅಳುಕಿದೆ. ಆದರೂ ಕೆಟ್ಟ ಗಂಟಲಲ್ಲಿ ಆದಷ್ಟು ಎತ್ತಿ ಕೂಗಿದೆ. ಎದುರುಮನೆಯ ಕಿಟಕಿ ತೆರೆದು ಮುಚ್ಚಿತು.

ಚಾಚಿ ತಲೆಯಾಡಿಸಿದರು. “ಅಂಗಲ್ಲ,” ಎಂದರು. ಸಂಜೆ ಕೊನೆಯ ನಾಗಮಂಗಲದ ಬಸ್ಸಿಗೆ ಚಾಚಾ ಕೂಗುವುದು ಸ್ಟ್ಯಾಂಡಿನಿಂದ ಈ ಮೆಟ್ಟಿಲವರೆಗೆ ಕೇಳಿಸುತ್ತಿತ್ತಂತೆ. ಅದು ಕೇಳಿದ ಮೇಲೆಯೇ ಅವರು ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದರಂತೆ. ಅನ್ನ ಬೇಯುವುದಕ್ಕೂ ಚಾಚಾ ಬಾಗಿಲಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. “ಕೊನೇಲಿ ಇಂಗೆ ಎಳ್ದು, ಮೇಲಕ್ಕೆ ಬುಡ್ತಿದ್ರು,” ಎಂದು ಕೈಯ ಸಿಪ್ಪೆ ಕೊಡವಿ, ಸೆರಗು ಸರಿಮಾಡಿಕೊಂಡು, ಎಂದೂ ಬೀದಿಗೆ ಕೇಳುವಂತೆ ಮಾತಾಡದ ಚಾಚಿ ಮೆಲ್ಲನೆ ಕೂಗಿದರು.

“ನಾಗಮಂಗ್ಲಾ...”

ಥೇಟ್ ಹಾಗೇ ಇತ್ತು. ಆ ಎಳೆತ, ಆ ಕೊನೆಯ ಏರು. ಇಬ್ಬರೂ ಬೀದಿಯ ತುದಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಹಾಗೇ ಕೂತೆವು. ಯಾರೂ ಬರಲಿಲ್ಲ.